ಉಣ್ಣಲೊಲ್ಲದ ಹಾವಿನ ಮರಿ

ಊಟದ ವಿಷಯದಲ್ಲಿ ನಮ್ಮ ಸೀಮೆಯವರು ಬಲವಂತಕ್ಕೆ ಹೆಸರಾದವರು. ಮಳವಳ್ಳಿಯ ಸುತ್ತಮುತ್ತ ಯಾವ ಹಳ್ಳಿಗೆ ನೆಂಟರಾಗಿ ಹೋದರೂ ಸರಿಯೆ, "ಸಾಕು" ಎಂದು ಕೈ ಅಡ್ಡ ಹಿಡಿದ ಮೇಲೆಯೇ ಇನ್ನೊಂದು ಮುದ್ದೆ ತಟ್ಟೆಗೆ ಬೀಳುವುದು ವಾಡಿಕೆ. ಇದು ಪ್ರೀತಿಯ ಕುರುಹು. ಇದನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಆದರೆ ಇದೇ ಬಗೆಯ ಪ್ರೀತಿಯನ್ನು ಎಲ್ಲ ಜೀವಿಗಳಿಗೂ ತೋರಿಸಹೊರಟರೆ ಉಪಕಾರದ ಬದಲು ಅಪಕಾರವಾಗುವುದುಂಟು. ಹಾವು ಅಂಥ ಜೀವಿಗಳಲ್ಲೊಂದು. ಉಣ್ಣಲೊಲ್ಲದ ಹಾವಿನ ಮರಿಯ ಮುಂದೆ ಮನುಷ್ಯನು ಮಾಡುವ ಮೊದಲನೆಯ ಕೆಲಸ ಬಲವಂತ. ಮಾಡಬೇಕಾದ ಮೊದಲನೆಯ ಕೆಲಸವಾದರೋ ವಿಚಾರ. ಈ ಮಾತನ್ನು ವಿವರಿಸುವುದೇ ಈ ಲೇಖನದ ಗುರಿ.

ಇತಿಹಾಸವನ್ನು ಓದುವವನಿಗೆ ಹಾವಿನ ಊಟದ ಉಸಾಬರಿ ಏಕೆಂದು ಗೆಳೆಯರು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ನಮ್ಮಲ್ಲಿ ಅನೇಕರು ಬತ್ತ, ಕಬ್ಬು, ರಾಗಿಯ ಹೊಲಗದ್ದೆಗಳ ನಡುವೆ ಬೆಳೆದವರು. ಹಾವು ನಮಗೆ ದೂರದ ಪ್ರಾಣಿಯಲ್ಲ. ಎರಡನೆಯದಾಗಿ, ಕಳೆದ ದಸರಾ ರಜೆಯನ್ನು ನಾನು ಬೆಂಗಳೂರಿನಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿ ಕಳೆದೆನು. ಅಲ್ಲಿ ಭಾವನವರು ಸಾಕುತ್ತಿದ್ದ ಒಂದು ಹೆಬ್ಬಾವಿನ ಮರಿ ಆಹಾರವನ್ನು ಮುಟ್ಟದೆ ಮೂರು ವಾರಕ್ಕೂ ಹೆಚ್ಚಾಗಿತ್ತು. ಅದು ನಮ್ಮ ದೇಶದ ಹೆಬ್ಬಾವಲ್ಲ; ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವ, ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಚೆಂಡು ಹೆಬ್ಬಾವು. ಆ ಮರಿಯ ನಿಮಿತ್ತವಾಗಿ ಓದಿ ತಿಳಿದದ್ದನ್ನೂ, ಕಣ್ಣಾರೆ ಕಂಡದ್ದನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ.

ಮೊದಲು ಹಾಲಿನ ಮಾತನ್ನು ಮುಗಿಸಿಬಿಡೋಣ. ಹಾವು ಎಂದೊಡನೆ ನಮಗೆ ಹಾಲು ನೆನಪಾಗುತ್ತದೆ. ಉಪಕಾರ ಸ್ಮರಣೆಯಿಲ್ಲದವನನ್ನು ಕುರಿತು "ಹಾವಿಗೆ ಹಾಲೆರೆದಂತೆ" ಎನ್ನುತ್ತೇವೆ. ಗಾದೆಯ ನೀತಿ ಏನೇ ಇರಲಿ, ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಇಲ್ಲಿ ಉಪಕಾರವೇ ನಡೆದಿಲ್ಲ. ಮೊಲೆಹಾಲು ಸಸ್ತನಿಗಳ ಮರಿಗಳಿಗೆ ಮೀಸಲಾದ ಆಹಾರ. ಹಾವು ಮೊಟ್ಟೆಯಿಂದ ಹೊರಬಂದ ಕ್ಷಣದಿಂದ, ಅಥವಾ ಕೊಳಕುಮಂಡಲದಂತೆ ತಾಯಿಯ ಹೊಟ್ಟೆಯಿಂದ ಮರಿಯಾಗಿಯೇ ಬಂದ ಕ್ಷಣದಿಂದ, ಮಾಂಸಾಹಾರಿ. ಅದಕ್ಕೆ ಬೇಕಾದ ಪಾನೀಯ ನೀರೊಂದೇ. ಬಾಯಾರಿ ಬಳಲಿದ ಹಾವು ಎದುರಿಗಿಟ್ಟ ಯಾವ ದ್ರವಕ್ಕೂ ಬಾಯಿ ಹಾಕೀತು. ಅದನ್ನು ನೋಡಿ ಹಾಲು ಅದಕ್ಕೆ ಪ್ರಿಯವೆಂದು ತಿಳಿಯಬಾರದು. ಹಾಲನ್ನು ಅರಗಿಸುವ ಶಕ್ತಿ ಅದಕ್ಕಿಲ್ಲ. ಹಾವಿನ ಶ್ವಾಸನಾಳದ ಬಾಯಿ ಕೆಳದವಡೆಯ ಮುಂಭಾಗದಲ್ಲಿಯೇ ತೆರೆದುಕೊಂಡಿರುವುದರಿಂದ, ಬಲವಂತವಾಗಿ ಹೊಯ್ದ ಹಾಲು ಪುಪ್ಪುಸಕ್ಕೆ ಇಳಿದು ಪ್ರಾಣವನ್ನೇ ತೆಗೆಯಬಹುದು.

ಹಾಗಾದರೆ ಹಾವು ತಿನ್ನುವುದೇನು? "ಹಾವಿನ ಆಹಾರ" ಎಂಬ ಒಂದೇ ಪದಾರ್ಥವಿಲ್ಲ. ನಮ್ಮ ಗದ್ದೆಯ ಬದುಗಳಲ್ಲಿ ಸರಿದಾಡುವ ಕೇರೆಹಾವು ಇಲಿ, ಕಪ್ಪೆ, ಹಕ್ಕಿಗಳನ್ನು ತಿನ್ನುತ್ತದೆ. ಕೆರೆ ಕಾಲುವೆಗಳ ನೀರೊಳ್ಳೆಗೆ ಮೀನು, ಕಪ್ಪೆಗಳು ಬೇಕು. ನಾಗರಹಾವು ಇಲಿ, ಕಪ್ಪೆಗಳನ್ನಷ್ಟೇ ಅಲ್ಲದೆ ಬೇರೆ ಹಾವುಗಳನ್ನೂ ನುಂಗುತ್ತದೆ. ಕಟ್ಟುಹಾವಿಗೂ ಮಲೆನಾಡಿನ ಕಾಳಿಂಗ ಸರ್ಪಕ್ಕೂ ಹಾವುಗಳೇ ಮುಖ್ಯ ಆಹಾರ. ಎರೆಹುಳುವಿನಷ್ಟೇ ಇರುವ ಕುರುಡುಹಾವು ಇರುವೆ, ಗೆದ್ದಲುಗಳ ಮೊಟ್ಟೆಮರಿಗಳಿಂದ ಹೊಟ್ಟೆ ಹೊರೆಯುತ್ತದೆ. ಇದಲ್ಲದೆ ತಾಯಿಯ ಊಟವೇ ಮರಿಯ ಊಟವೆಂದು ಹೇಳುವಂತಿಲ್ಲ. ದೊಡ್ಡ ಕೊಳಕುಮಂಡಲ ಇಲಿಗಳ ಶತ್ರು; ಅದರ ಮರಿಯಾದರೋ ಹಲ್ಲಿಯಂಥ ಸಣ್ಣ ಜೀವಿಗಳನ್ನು ಹುಡುಕುತ್ತದೆ. ಆದಕಾರಣ ಉಣ್ಣಲೊಲ್ಲದ ಮರಿಯನ್ನು ಕಂಡಾಗ ಕೇಳಬೇಕಾದ ಪ್ರಶ್ನೆ "ಏಕೆ ತಿನ್ನುವುದಿಲ್ಲ?" ಎಂಬುದಕ್ಕಿಂತ ಮುಂಚೆ "ಇದು ಯಾವ ಹಾವು?" ಎಂಬುದು.

ಮರಿಗೆ ತನ್ನ ಆಹಾರ ಇಂಥದೇ ಎಂದು ಕಲಿಸಿದವರಾರು? ತಾಯಿ ಹಾವು ಮರಿಗೆ ಗುಟುಕು ಕೊಡುವುದಿಲ್ಲ, ಬೇಟೆ ಕಲಿಸುವುದೂ ಇಲ್ಲ. ಈ ವಿಷಯವನ್ನು ಅಮೆರಿಕದ ವಿಜ್ಞಾನಿ ಗಾರ್ಡನ್ ಬರ್ಗ್‌ಹಾರ್ಟರು 1960ರ ದಶಕದಲ್ಲಿ ಪ್ರಯೋಗದಿಂದ ಪರೀಕ್ಷಿಸಿದರು. ಹುಟ್ಟಿದ ಮೇಲೆ ಏನನ್ನೂ ತಿಂದಿರದ ಮರಿಗಳ ಮುಂದೆ, ಬೇರೆ ಬೇರೆ ಪ್ರಾಣಿಗಳ ವಾಸನೆ ಹತ್ತಿಸಿದ ಹತ್ತಿಯನ್ನು ಒಂದೊಂದಾಗಿ ಹಿಡಿದರು. ಯಾವ ಜಾತಿಯ ಹಾವು ಸ್ವಾಭಾವಿಕವಾಗಿ ಏನನ್ನು ತಿನ್ನುವುದೋ ಅದರ ವಾಸನೆಗೆ ಆ ಜಾತಿಯ ಮರಿ ಪದೇ ಪದೇ ನಾಲಗೆ ಚಾಚಿ ಹತ್ತಿಯ ಮೇಲೆಯೇ ಎರಗಿತು. ಉಳಿದವನ್ನು ಅಷ್ಟಾಗಿ ಲಕ್ಷಿಸಲಿಲ್ಲ. ಹಾವು ನಾಲಗೆಯನ್ನು ಚಾಚುವುದು ಹೆದರಿಸಲಿಕ್ಕಲ್ಲ. ಗಾಳಿಯಲ್ಲಿನ ಸೂಕ್ಷ್ಮ ಕಣಗಳನ್ನು ಹಿಡಿದು ಅಂಗುಳಿನಲ್ಲಿರುವ ಜೇಕಬ್ಸನ್ ಅಂಗಕ್ಕೆ ಒಪ್ಪಿಸುವುದು ಅದರ ಕೆಲಸ. ಆ ಅಂಗವು "ಇದು ಆಹಾರ" ಎಂದು ಒಪ್ಪದಿದ್ದರೆ, ನಾವು ಎಷ್ಟೇ ಒಳ್ಳೆಯದನ್ನು ಇಟ್ಟರೂ ಮರಿಗೆ ಅದು ಕಲ್ಲಿಗೆ ಸಮಾನ. ಮೃಗಾಲಯಗಳಲ್ಲಿ ಕಾಳಿಂಗ ಸರ್ಪಕ್ಕೆ ಇಲಿಯನ್ನು ರೂಢಿಮಾಡಿಸುವಾಗ ಇಲಿಗೆ ಹಾವಿನ ವಾಸನೆಯನ್ನು ಸವರುವುದು ಈ ಕಾರಣದಿಂದಲೇ.

ಇನ್ನು ಹಸಿವಿನ ವಿಚಾರ. ನಾವು ತಿಂದ ಅನ್ನದ ಬಹುಭಾಗ ಮೈಯನ್ನು ಬೆಚ್ಚಗಿಡಲು ವೆಚ್ಚವಾಗುತ್ತದೆ. ಹಾವು ಈ ಖರ್ಚನ್ನು ಮಾಡುವುದಿಲ್ಲ. ಬಿಸಿಲಿನಿಂದ, ನೆಲದಿಂದ ಶಾಖವನ್ನು ಪಡೆಯುತ್ತದೆ. ಆದ್ದರಿಂದ ಅದಕ್ಕೆ ನಮ್ಮಂತೆ ಹೊತ್ತುಹೊತ್ತಿಗೆ ಊಟ ಬೇಡ. 2007ರಲ್ಲಿ ಮಾರ್ಷಲ್ ಮೆಕ್ಯೂ ಎಂಬ ಸಂಶೋಧಕರು, ಚೆಂಡು ಹೆಬ್ಬಾವೂ ಸೇರಿದಂತೆ ಮೂರು ಜಾತಿಯ ಹಾವುಗಳನ್ನು ಸುಮಾರು 6 ತಿಂಗಳ ಕಾಲ ಉಪವಾಸವಿರಿಸಿ ಅಭ್ಯಸಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಆ ಹಾವುಗಳು ತಮ್ಮ ದೇಹದ ವೆಚ್ಚವನ್ನು ಶೇಕಡ 72ರವರೆಗೂ ಇಳಿಸಿಕೊಂಡಿದ್ದುವು! ಸಾಲಗಾರನ ಭಯವುಳ್ಳ ಸಂಸಾರಸ್ಥನೂ ಇಷ್ಟು ಮಿತವ್ಯಯ ಮಾಡಲಾರನು. ಊಟ ಸಿಕ್ಕಿತೆಂದರೆ ಚಿತ್ರವೇ ಬೇರೆ. ಬರ್ಮಾದ ಹೆಬ್ಬಾವು ಒಂದು ದೊಡ್ಡ ಬೇಟೆಯನ್ನು ನುಂಗಿದ ಎರಡು ದಿನಗಳಲ್ಲಿ ಅದರ ಹೃದಯದ ಕೆಳಕೋಣೆಯ ಮಾಂಸ ಶೇಕಡ 40ರಷ್ಟು ಹೆಚ್ಚುವುದೆಂದು 2005ರಲ್ಲಿ ಬೇರೆ ವಿಜ್ಞಾನಿಗಳು ತೋರಿಸಿದರು. ಅಂದರೆ ಹಾವಿಗೆ ಊಟವೆಂಬುದು ಒಂದು ದೊಡ್ಡ ಕಾರ್ಖಾನೆಯನ್ನು ಹೊಸದಾಗಿ ಹೂಡಿದಂತೆ. ಅದಕ್ಕೆ ಶಾಖ ಬೇಕು, ನಿರ್ಭಯ ಬೇಕು, ಬಿಡುವು ಬೇಕು. ಇವು ಇಲ್ಲವೆಂದು ತೋರಿದರೆ ಹಾವು ಕಾರ್ಖಾನೆಯ ಬಾಗಿಲನ್ನೇ ತೆರೆಯುವುದಿಲ್ಲ. ಚಳಿಯಲ್ಲಿ ನುಂಗಿದ ಇಲಿ ಅರಗುವ ಮೊದಲೇ ಹೊಟ್ಟೆಯಲ್ಲಿ ಕೊಳೆತೀತು. ಆದುದರಿಂದ ಅದರ ಉಪವಾಸ ಹಟವಲ್ಲ, ವಿವೇಕ.

ಆದರೆ ಈ ಮಾತನ್ನು ಮರಿಗಳಿಗೆ ಎಚ್ಚರಿಕೆಯಿಂದ ಅನ್ವಯಿಸಬೇಕು. ಬೆಳೆದ ಹೆಬ್ಬಾವಿನ ಮೈಯಲ್ಲಿ ಕೊಬ್ಬಿನ ದಾಸ್ತಾನು ಇರುತ್ತದೆ. ಮರಿಯ ಗಂಟು ಚಿಕ್ಕದು. ಮೊಟ್ಟೆಯೊಡೆದ ಮೇಲೆ ಮೊದಲ ಪೊರೆ ಕಳಚುವವರೆಗೆ ಹೊಟ್ಟೆಯೊಳಗಿನ ಭಂಡಾರವೇ ಅದನ್ನು ಸಾಕುತ್ತದೆ. ಆಮೇಲೆ ಚೆಂಡು ಹೆಬ್ಬಾವಿನ ಮರಿಗೆ ವಾರಕ್ಕೊಂದು ಊಟವಾದರೂ ಬೇಕು. ತೂಕದಲ್ಲಿ ಹತ್ತನೆಯ ಒಂದು ಭಾಗ ಕಡಮೆಯಾದರೆ ಅದು ಅಪಾಯದ ಸೂಚನೆ.

ಈಗ ಬೆಂಗಳೂರಿನ ಮರಿಯ ಕಡೆಗೆ ಬರೋಣ. ಭಾವನವರು ಅದನ್ನು ಕೊಂಡು ತಂದ ದಿನ ಅದರ ತೂಕ 96 ಗ್ರಾಂ. ನಾನು ಹೋದ ದಿನ 90 ಗ್ರಾಂ. ಅತ್ತೆಯವರಿಗೆ ಆತಂಕ. "ಬಾಯಿ ಬಿಡಿಸಿ ಒಂದು ಚೂರು ಒಳಕ್ಕೆ ತಳ್ಳಿಬಿಡಪ್ಪ, ರುಚಿ ಹತ್ತಿದರೆ ತಾನೇ ತಿನ್ನುತ್ತೆ" ಎಂದು ಅವರು ಮಗನಿಗೆ ಹೇಳುತ್ತಿದ್ದರು. "ಭಾವ, ಅದೊಂದನ್ನು ಮಾತ್ರ ಈಗಲೇ ಮಾಡಬೇಡಿ. ಮೊದಲು ಡಾಕ್ಟರಿಗೆ ತೋರಿಸೋಣ" ಎಂದೆನು. ಹಾವುಗಳ ಚಿಕಿತ್ಸೆ ಬಲ್ಲ ಪಶುವೈದ್ಯರು ಮರಿಯನ್ನು ನೋಡಿ, ಬಾಯಿಹುಣ್ಣು, ಉಸಿರಾಟದ ಕಾಯಿಲೆ, ಪೊರೆಯ ಸಂದಿಯ ನುಸಿ, ಇವು ಯಾವುವೂ ಇಲ್ಲವೆಂದೂ, ದೋಷವನ್ನು ಮರಿಯಲ್ಲಿ ಹುಡುಕದೆ ಮನೆಯಲ್ಲಿ ಹುಡುಕಬೇಕೆಂದೂ ತಿಳಿಸಿದರು. ಆ ದಿನವೇ ನಾವು ಒಂದು ನೋಟುಪುಸ್ತಕವನ್ನು ತೆರೆದೆವು. ಅದರಲ್ಲಿ ಬರೆದುಕೊಂಡ ಕ್ರಮ ಹೀಗಿದೆ.

ಮೊದಲನೆಯದು ಏಕಾಂತ. ಚೆಂಡು ಹೆಬ್ಬಾವು ತನ್ನ ನಾಡಿನಲ್ಲಿ ಹಗಲೆಲ್ಲ ಇಲಿಯ ಬಿಲಗಳಲ್ಲಿ, ಗೆದ್ದಲ ಹುತ್ತಗಳಲ್ಲಿ ಅಡಗಿದ್ದು ರಾತ್ರಿ ಹೊರಡುವ ಪ್ರಾಣಿ. ಅದನ್ನು ನಡುಮನೆಯಲ್ಲಿ ದೊಡ್ಡ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಬಂದವರೆಲ್ಲ ಎತ್ತಿ ನೋಡುತ್ತಿದ್ದರು. ಬಯಲಿನಲ್ಲಿ ಕುಳಿತು ಉಣ್ಣಲು ಅದಕ್ಕೆ ಧೈರ್ಯ ಬರುವುದೆಂತು? ಪೆಟ್ಟಿಗೆಯನ್ನು ಒಳಕೋಣೆಗೆ ಸಾಗಿಸಿ, ಮೂರು ಕಡೆ ಕಾಗದ ಹೊದಿಸಿ, ಮರಿ ಸುತ್ತಿ ಮಲಗಿದರೆ ಮೈ ಗೋಡೆಗೆ ತಾಗುವಷ್ಟೇ ಚಿಕ್ಕದಾದ ಎರಡು ಗೂಡುಗಳನ್ನು ಎರಡು ತುದಿಗೆ ಇರಿಸಿದೆವು. ಒಂದು ವಾರ ಯಾರೂ ಅದನ್ನು ಮುಟ್ಟಕೂಡದೆಂದು ಕಟ್ಟುಮಾಡಿದೆವು.

ಎರಡನೆಯದು ಶಾಖ. ಪೆಟ್ಟಿಗೆಯೊಳಗೆ ಉಷ್ಣಮಾಪಕವಿಟ್ಟು ನೋಡಿದರೆ ಹಗಲು 25, ರಾತ್ರಿ 21 ಡಿಗ್ರಿ. ಇದು ನಮಗೆ ಹಿತ, ಅದಕ್ಕೆ ಚಳಿ. ಒಂದು ಕಡೆಯ ನೆಲದಡಿ ಬಿಸಿಹಾಸನ್ನು ಹಾಕಿ, ಶಾಖ ಮೀರದಂತೆ ಥರ್ಮೋಸ್ಟಾಟನ್ನು ಜೋಡಿಸಿ, ಆ ತುದಿಯನ್ನು 31 ರಿಂದ 32 ಡಿಗ್ರಿಗೆ ತಂದೆವು. ಇನ್ನೊಂದು ತುದಿಯನ್ನು 26ರ ಸುಮಾರಿಗೆ ಬಿಟ್ಟೆವು. ಬೇಕಾದ ಕಡೆ ಸರಿಯುವ ಸ್ವಾತಂತ್ರ್ಯ ಹಾವಿಗಿರಬೇಕು.

ಮೂರನೆಯದು ನೀರು ಮತ್ತು ಪೊರೆ. ಶುದ್ಧವಾದ ನೀರು ಸದಾ ಇರಬೇಕು. ಗಾಳಿ ತೀರ ಒಣಗಿದರೆ ಪೊರೆ ಚೂರುಚೂರಾಗಿ ಅಂಟಿಕೊಳ್ಳುತ್ತದೆ. ಕಣ್ಣು ಹಾಲಿನಂತೆ ಮಬ್ಬಾಗಿರುವಾಗ, ಎಂದರೆ ಪೊರೆ ಬಿಡುವ ಮುನ್ನ, ಅನೇಕ ಹಾವುಗಳು ಊಟವನ್ನು ಒಲ್ಲವು. ಆಗ ಸುಮ್ಮನಿರುವುದೇ ಉಪಚಾರ.

ನಾಲ್ಕನೆಯದು ಆಹಾರದ ಬಗೆ. ಇಲ್ಲಿಯೇ ನಿಜವಾದ ಗಂಟು ಇದ್ದದ್ದು. ಮಾರಿದವರು ಮರಿ ಹಿಂದೆ ಏನನ್ನು ತಿನ್ನುತ್ತಿತ್ತೆಂದು ಬರೆದು ಕೊಟ್ಟಿರಲಿಲ್ಲ. ಭಾವನವರು ದೂರವಾಣಿಯಲ್ಲಿ ಎರಡು ಮೂರು ಬಾರಿ ವಿಚಾರಿಸಿದ ಮೇಲೆ ತಿಳಿಯಿತು: ಅದಕ್ಕೆ ರೂಢಿಯಾಗಿದ್ದುದು ಚಿಕ್ಕ ಜಾತಿಯ ಬಿಳಿಯ ಇಲಿ; ಮನೆಯಲ್ಲಿ ಕೊಡುತ್ತಿದ್ದುದು ದೊಡ್ಡ ಜಾತಿಯ ಇಲಿಯ ಮರಿ. ನಮಗೆ ಎರಡೂ ಇಲಿಯೇ. ವಾಸನೆಯಿಂದ ಲೋಕವನ್ನು ಅರಿಯುವ ಮರಿಗೆ ಅವು ಎರಡು ಬೇರೆ ಪ್ರಾಣಿಗಳು. ಅಳತೆಯೂ ಮುಖ್ಯ. ಆಹಾರದ ಗಾತ್ರ ಹಾವಿನ ಮೈಯ ಅತ್ಯಂತ ದಪ್ಪ ಭಾಗವನ್ನು ಮೀರಬಾರದು; 90 ಗ್ರಾಂ ತೂಕದ ಮರಿಗೆ 10 ಗ್ರಾಂ ಸುಮಾರಿನದು ಸಾಕು. ಜೀವಂತ ಇಲಿಯನ್ನು ಬಿಟ್ಟು ಮರೆತರೆ ಹಾವನ್ನೇ ಇಲಿ ಕಚ್ಚಿ ಗಾಯಗೊಳಿಸುವುದುಂಟು. ಹೊಲದ ಇಲಿಯನ್ನಂತೂ ಕೊಡತಕ್ಕದ್ದಲ್ಲ. ಅದರ ಹೊಟ್ಟೆಯಲ್ಲಿ ಇಲಿಪಾಷಾಣವಿರಬಹುದು, ರೋಗವಿರಬಹುದು. ಸಾಕುಹಾವುಗಳಿಗೆಂದೇ ಹಿಮದಲ್ಲಿ ಕಾಪಿಟ್ಟ ಸತ್ತ ಇಲಿಗಳು ದೊರೆಯುತ್ತವೆ. ಅದನ್ನು ಪೂರ್ತಿ ಕರಗಿಸಿ, ಬಿಸಿನೀರಿನ ಶಾಖದಿಂದ ಬದುಕಿದ ಇಲಿಯ ಮೈಯಷ್ಟು ಬೆಚ್ಚಗೆ ಮಾಡಿ, ಒರಸಿ, ಉದ್ದವಾದ ಇಕ್ಕಳದಲ್ಲಿ ಹಿಡಿಯಬೇಕು. ಚೆಂಡು ಹೆಬ್ಬಾವಿನ ತುಟಿಯ ಗುಳಿಗಳು ಶಾಖವನ್ನು ಗುರುತಿಸುತ್ತವೆ. ತಣ್ಣಗಿನ ಇಲಿ ಅದರ ಪಾಲಿಗೆ ಇಲ್ಲದ ಇಲಿ.

ಐದನೆಯದು ತಾಳ್ಮೆ. ಏಳು ದಿನ ಏನನ್ನೂ ಕೊಡಲಿಲ್ಲ. ಎಂಟನೆಯ ರಾತ್ರಿ ದೀಪವಾರಿಸಿ ಇಕ್ಕಳವನ್ನು ಗೂಡಿನ ಬಾಯಿಗೆ ಒಯ್ದಾಗ ಮರಿ ನಾಲಗೆ ಚಾಚಿತು, ತುಸು ಮುಂದೆ ಬಂದಿತು, ಮತ್ತೆ ಹಿಂದಕ್ಕೆ ಸರಿಯಿತು. ಭಾವನವರು ಇನ್ನೊಮ್ಮೆ ಮೂತಿಗೆ ತಾಗಿಸೋಣವೆಂದರು, ಬೇಡವೆಂದು ತೆಗೆದುಬಿಟ್ಟೆವು. ದಿನದಿನವೂ ಪೀಡಿಸಿದರೆ ಊಟವೇ ಭಯವಾಗಿ ಪರಿಣಮಿಸುತ್ತದೆ. ನಾಲ್ಕು ದಿನ ಬಿಟ್ಟು ಹನ್ನೆರಡನೆಯ ರಾತ್ರಿ ಮತ್ತೆ ಹಿಡಿದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಮರಿ ಎರಗಿ, ಮೂರು ಸುತ್ತು ಬಿಗಿದು, ಸ್ವಲ್ಪ ಹೊತ್ತಿನ ಮೇಲೆ ತಲೆಯ ಕಡೆಯಿಂದ ನುಂಗತೊಡಗಿತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಅತ್ತೆಯವರು "ಅಬ್ಬ, ಉಂಡಿತಲ್ಲ ಕಂದ" ಎಂದರು; ಇಲಿಗಾಗಿ ಮರುಗಿ ಮುಖ ತಿರುಗಿಸಿದವರೂ ಅವರೇ. ಉಂಡ ಮೇಲೆ ಎರಡು ದಿನ ಮುಟ್ಟಬಾರದು, ಮುಟ್ಟಿದರೆ ಕಕ್ಕಿಬಿಡಬಹುದು. ಡಿಸೆಂಬರ್ ಕೊನೆಯಲ್ಲಿ ಭಾವನವರು ಬರೆದಂತೆ ಅದರ ತೂಕ 118 ಗ್ರಾಂ.

ಇಷ್ಟೆಲ್ಲ ಮಾಡಿದರೂ ಮರಿ ಉಣ್ಣದೆ ಕೃಶವಾಗುತ್ತಿದ್ದರೆ? ಆಗ ಬಾಯಿಗೆ ಆಹಾರವಿಡುವ ಕ್ರಮವೂ ಇದೆ. ಆದರೆ ಅದು ಕೊನೆಯ ಉಪಾಯ, ಬಲ್ಲ ವೈದ್ಯರ ಕೈಯ ಕೆಲಸ. ಎಳೆಯ ದವಡೆಗೂ ಅನ್ನನಾಳಕ್ಕೂ ಗಾಯವಾಗುವುದು ಸುಲಭ. ಆ ಗಾಯ ಮತ್ತಷ್ಟು ಉಪವಾಸಕ್ಕೆ ಕಾರಣವಾಗುತ್ತದೆ.

ಈ ಲೇಖನವನ್ನು ಓದಿ ಯಾರಾದರೂ ಗದ್ದೆಯ ಮರಿಯೊಂದನ್ನು ಹಿಡಿದು ಸಾಕಲು ಹೊರಟರೆ ನನ್ನ ಶ್ರಮ ವ್ಯರ್ಥವಾದಂತೆಯೇ. ನಮ್ಮ ದೇಶದ ಹಾವುಗಳನ್ನು ಹಿಡಿದಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಚೆಂಡು ಹೆಬ್ಬಾವಿನಂಥ ಪರದೇಶದ ಪ್ರಾಣಿಯನ್ನು ಇಟ್ಟುಕೊಂಡವರು ಕೂಡ 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಕಾನೂನಿನ ಮಾತು ಹಾಗಿರಲಿ, ಪ್ರಾಣದ ಮಾತೂ ಇದೆ. ಮುಂಗಾರು ಹಿಡಿದ ಮೇಲೆ ನಮ್ಮ ಬದುಗಳಲ್ಲಿ ಮರಿಗಳು ಕಾಣಿಸಿಕೊಳ್ಳುತ್ತವೆ. ಸೀಸೆಯಲ್ಲಿ ಮರಿಹಾವನ್ನು ತುಂಬಿಕೊಂಡು ಓಡಾಡುವ ಹುಡುಗರನ್ನು ನಾವು ನೋಡಿಲ್ಲವೆ? ಕೊಳಕುಮಂಡಲದ ಮರಿಗೆ ಹುಟ್ಟಿದಂದೇ ವಿಷವಿರುತ್ತದೆ. ನಿರುಪದ್ರವಿಯಾದ ತೋಳಹಾವಿಗೂ ಘೋರ ವಿಷದ ಕಟ್ಟುಹಾವಿಗೂ ಇರುವ ಭೇದವನ್ನು ಬಲ್ಲವರು ವಿರಳ. ಭಾರತದಲ್ಲಿ 2000 ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸತ್ತರೆಂದು 2020ರ ಒಂದು ಅಧ್ಯಯನ ಅಂದಾಜು ಮಾಡಿದೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ಸೆರೆಯಲ್ಲಿ ಉಪವಾಸ ಬೀಳುವ ಹಾವುಗಳಲ್ಲಿ ಇನ್ನೆರಡನ್ನು ಹೆಸರಿಸಲೇಬೇಕು. ಮೊಂಡುಬಾಲದ ಮಣ್ಣುಮುಕ್ಕ ಹಾವನ್ನು ಎರಡು ತಲೆಯ ಹಾವೆಂದೂ, ಮನೆಯಲ್ಲಿದ್ದರೆ ಐಶ್ವರ್ಯ ಬರುವುದೆಂದೂ ನಂಬಿ ಗುಟ್ಟಾಗಿ ಮಾರುವವರುಂಟು. ಸಡಿಲವಾದ ಮಣ್ಣಿನೊಳಗೆ ಹುದುಗಿದ್ದು ಬೇಟೆಯಾಡುವ ಆ ಬಡಪ್ರಾಣಿ ಮಡಕೆ, ಚೀಲಗಳಲ್ಲಿ ಉಣ್ಣುವುದೆಂತು? ಎರಡನೆಯದು ಹಾವಾಡಿಗರ ಬುಟ್ಟಿಯ ನಾಗರ. ಪಂಚಮಿಯ ದಿನ ಹಾಲು ಕುಡಿದು ತೋರಿಸಲೆಂದು ಅದನ್ನು ಮುಂಚಿನಿಂದ ನೀರಿಲ್ಲದೆ ಒಣಗಿಸುತ್ತಾರೆ. ಹಲ್ಲು ಕೀಳಿಸಿಕೊಂಡ ಆ ಹಾವು ಬಿಟ್ಟರೂ ಬೇಟೆಯಾಡಲಾರದು. ಭಕ್ತಿಯಿಂದ ನಾವು ಕೊಡುವ ಕಾಸು ಅದರ ಉಪವಾಸಕ್ಕೆ ಬೆಲೆಯಾಗುತ್ತದೆ.

ಭಕ್ತಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಒಂದು ನಾಗರ ಪಂಚಮಿಯ ಮಾರನೆಯ ದಿನ ನಮ್ಮಜ್ಜಿ ಹುತ್ತದ ಬಳಿ ಹಾಗೆಯೇ ಉಳಿದ ಹಾಲನ್ನು ಕಂಡು ಪೇಚಾಡಿಕೊಂಡರು. "ಮುಟ್ಟೇ ಇಲ್ಲ ಕನ ಮಗ, ಏನ್ ಕ್ವಾಪವೋ ಏನೋ." ಹಾವಿಗೆ ಹಾಲು ಸೇರುವುದಿಲ್ಲವೆಂದೂ, ಅದಕ್ಕೆ ಬೇಕಾದ ಇಲಿ ಕಪ್ಪೆಗಳು ನಮ್ಮ ಗದ್ದೆಯಲ್ಲೇ ಇವೆಯೆಂದೂ ಹೇಳಿದೆನು. ಅಜ್ಜಿ ಸ್ವಲ್ಪ ಯೋಚಿಸಿ, "ಹಂಗಾರೆ ಹುತ್ತವ ಕೆಡವದೆ ಇದ್ರೆ ಅದೇ ಪೂಜೆ ಅನ್ನು" ಎಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಮರಿಹಾವನ್ನು ಕಂಡರೆ ದೂರ ನಿಂತು ಅದರ ದಾರಿಗೆ ಬಿಡಿರಿ. ಮನೆಯೊಳಗೆ ಸೇರಿದ್ದರೆ ಅರಣ್ಯ ಇಲಾಖೆಗೆ ತಿಳಿಸಿರಿ. ನಮ್ಮ ತಾಲ್ಲೂಕಿನ ಮುತ್ತತ್ತಿಯ ಕಾಡಿನಲ್ಲಾಗಲಿ, ಗದ್ದೆಯ ಬದುವಿನಲ್ಲಾಗಲಿ, ಅದಕ್ಕೆ ತಕ್ಕ ಶಾಖ, ಅಡಗುದಾಣ, ವಾಸನೆಯಿಂದ ಗುರುತಿಸಬಲ್ಲ ಆಹಾರ ಎಲ್ಲವೂ ಇವೆ. ಅಲ್ಲಿ ಇಕ್ಕಳ ಬೇಕಿಲ್ಲ, ಬಿಸಿಹಾಸು ಬೇಕಿಲ್ಲ. ನೋಂದಾಯಿಸಿ ಸಾಕುವವರಾದರೋ, ಆ ಬದುವಿನ ಅನುಕೂಲವನ್ನೆಲ್ಲ ತಮ್ಮ ಪೆಟ್ಟಿಗೆಯೊಳಗೆ ಒದಗಿಸುವ ಹೊಣೆಯನ್ನು ಹೊತ್ತಿದ್ದೇವೆಂದು ತಿಳಿಯಬೇಕು. ಇಲಿಯನ್ನು ಕೊಡಲಾರದ ಮನಸ್ಸುಳ್ಳವರು ಹಾವನ್ನು ತರಬಾರದು. ನೆಂಟನ ತಟ್ಟೆಗೆ ಇನ್ನೊಂದು ಮುದ್ದೆಯನ್ನು ಧಾರಾಳವಾಗಿ ಹಾಕೋಣ; ಹಾವಿನ ಮರಿ ಬಾಯಿ ಮುಚ್ಚಿದರೆ ಮಾತ್ರ, ಅದು ಏನನ್ನು ಹೇಳುತ್ತಿದೆಯೆಂದು ಮೊದಲು ಕೇಳೋಣ.